ಮೊದಲ ಜಿಗಿತ ಯಾರದು? ನಾರ್ವೆಯ ಒಬ್ಬ ಸ್ಕೀ ಜಿಗಿತಗಾರ್ತಿಯ ಪ್ರಕರಣ

ಈ ಪ್ರಕರಣ ನಾರ್ವೆಯ ಒಬ್ಬ ಸ್ಕೀ ಜಿಗಿತಗಾರ್ತಿಯದು. ಈಗ ಅವರು ನಿವೃತ್ತರು. ಹೆಸರು ಬಿಟ್ಟಿದ್ದೇವೆ. ಈ ಆಟ ಬಲ್ಲವರು ಅರ್ಧ ಓದುವಷ್ಟರಲ್ಲಿ ಗುರುತು ಹಿಡಿದುಬಿಡುತ್ತಾರೆ, ಅದಕ್ಕೆ ಅಡ್ಡಿಯಿಲ್ಲ. ಅವರ ವಿಷಯದಲ್ಲಿ ತೀರ್ಮಾನ ಕೈಗೊಂಡ ಅಧಿಕಾರಿಗಳ ಮತ್ತು ಸಹ ಆಟಗಾರರ ಹೆಸರನ್ನೂ ಕೈಬಿಟ್ಟಿದ್ದೇವೆ. ಯಾರು ಮಾಡಿದರು ಅನ್ನುವುದರ ಬೆನ್ನು ಹತ್ತಿದರೆ ಏನು ಮಾಡಿದರು, ಯಾವ ಹೊತ್ತಿನಲ್ಲಿ ಮಾಡಿದರು ಅನ್ನುವುದು ಮರೆಯಾಗಿಬಿಡುತ್ತದೆ.

ಇವರು ತಮ್ಮ ವಿಭಾಗದ ಅತ್ಯುನ್ನತ ಸರಣಿಯನ್ನು ಸತತ ಐದು ಬಾರಿ ಗೆದ್ದರು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಂದು ಕಂಚು. ಉತ್ತುಂಗದಲ್ಲಿದ್ದ ವರ್ಷಗಳಲ್ಲಿ ಒಲಿಂಪಿಕ್ಸ್ ಬಾಗಿಲು ಅವರಿಗೆ ತೆರೆಯಲೇ ಇಲ್ಲ. ಆದರೂ ದೇಶದ ಅತಿ ಪ್ರತಿಷ್ಠಿತ ಜಿಗಿತದ ಬೆಟ್ಟವನ್ನು (ಜಾರಿ ಬರುವ ಇಳಿಜಾರು, ಜಿಗಿಯುವ ಅಂಚು, ನೆಲಕ್ಕಿಳಿಯುವ ಇಳಿಜಾರು ಸೇರಿದ ಕಟ್ಟಡವನ್ನು ಈ ಆಟದಲ್ಲಿ ಬೆಟ್ಟ ಅನ್ನುತ್ತಾರೆ) ಹೊಸದಾಗಿ ಕಟ್ಟಿದಾಗ, ಮೊದಲು ಯಾರು ಜಿಗಿಯಬೇಕು ಎಂದು ಕೇಳಿದರೆ ಜನ ಮತ ಹಾಕಿದ್ದು ಇವರಿಗೆ. ಒಲಿಂಪಿಕ್ಸ್‌ನಲ್ಲಿ ಕಾಣಿಸದ ಒಬ್ಬರು ಅಷ್ಟು ಜನಪ್ರಿಯರಾದದ್ದು ಹೇಗೆ, ಆ ಜನಪ್ರಿಯತೆಯನ್ನು ವ್ಯವಸ್ಥೆ ಹೇಗೆ ನಡೆಸಿಕೊಂಡಿತು, ಎರಡೂ ಒಂದೇ ಕಥೆಯೊಳಗೆ ಇವೆ.

ಹಿನ್ನೆಲೆ

ನಾರ್ವೆಯವರಿಗೆ ಸ್ಕೀ ಜಿಗಿತ ಚಳಿಗಾಲದ ಜಾತ್ರೆ ಇದ್ದ ಹಾಗೆ. ಓಸ್ಲೋ ನಗರದ ಮೇಲಿನ ಹೋಲ್ಮೆನ್‌ಕೋಲೆನ್ ಬೆಟ್ಟದಲ್ಲಿ 1892ರಿಂದ ಸ್ಪರ್ಧೆ ನಡೆಯುತ್ತ ಬಂದಿದೆ. ಮೊದಲ ವರ್ಷದ ಅತಿ ದೂರದ ಜಿಗಿತ 21.5 ಮೀಟರ್. ಇವತ್ತು ಅದೇ ಜಾಗದಲ್ಲಿ 130 ಮೀಟರ್ ಆಸುಪಾಸು ಹಾರುತ್ತಾರೆ.

ಹೆಣ್ಣುಮಕ್ಕಳು ಜಿಗಿಯತೊಡಗಿದ್ದು ಇತ್ತೀಚೆಗೆ ಅನ್ನುವುದು ತಪ್ಪು. 1862ರಲ್ಲೇ ನಾರ್ವೆಯ ಟ್ರೈಸಿಲ್‌ನಲ್ಲಿ ಒಬ್ಬ ಹುಡುಗಿ ಜಿಗಿದ ದಾಖಲೆಯಿದೆ. 1938ರಲ್ಲಿ ನಾರ್ವೆಯ ಯೊಹಾನೆ ಕೋಲ್ಸ್ಟಾಡ್ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಬರ್ಲಿನ್ ಪಟ್ಟಣದಲ್ಲಿ 72 ಮೀಟರ್ ಹಾರಿದ್ದರು. ಜಿಗಿತಕ್ಕೆ ಕೊರತೆ ಇರಲಿಲ್ಲ, ಅದನ್ನು ಬರೆದಿಡಲು ಫಲಿತಾಂಶ ಪಟ್ಟಿಯಲ್ಲಿ ಜಾಗ ಇರಲಿಲ್ಲ. ಪ್ರದರ್ಶನಕ್ಕೆ ಕರೆಯುತ್ತಿದ್ದರು, ಚಪ್ಪಾಳೆ ಹೊಡೆಯುತ್ತಿದ್ದರು, ಆಮೇಲೆ ಗಂಡಸರ ಸ್ಪರ್ಧೆ ಶುರುವಾಗುತ್ತಿತ್ತು.

ಅಂಕ ಕೊಡುವ ಲೆಕ್ಕವನ್ನು ಇಲ್ಲೇ ಹೇಳಿಬಿಡುತ್ತೇವೆ, ಮುಂದೆ ಬೇಕಾಗುತ್ತದೆ. ಪ್ರತಿ ಬೆಟ್ಟಕ್ಕೂ ಕೆ-ಪಾಯಿಂಟ್ ಎಂಬ ಗೆರೆ ಇರುತ್ತದೆ. ‘ಸಾಮಾನ್ಯ ಬೆಟ್ಟ’ ಎಂದು ಕರೆಯುವ ಚಿಕ್ಕ ಗಾತ್ರದ ಬೆಟ್ಟದಲ್ಲಿ ಅದು 90 ಮೀಟರ್ ಸುಮಾರಿಗೆ. ಆ ಗೆರೆಯ ಮೇಲೆ ಇಳಿದರೆ 60 ಅಂಕ. ಒಂದೊಂದು ಮೀಟರ್ ಹೆಚ್ಚಾದಂತೆ 2 ಅಂಕ ಸೇರುತ್ತದೆ, ಕಡಿಮೆಯಾದಂತೆ 2 ಅಂಕ ಹೋಗುತ್ತದೆ. ಅಂದರೆ 95 ಮೀಟರ್ ಹಾರಿದರೆ 70. ಇದರ ಜೊತೆಗೆ ಐವರು ತೀರ್ಪುಗಾರರು ತಲಾ 20ರೊಳಗೆ ಶೈಲಿಯ ಅಂಕ ಕೊಡುತ್ತಾರೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಕೂಡುತ್ತಾರೆ. ಇಳಿಯುವಾಗ ಒಂದು ಕಾಲು ಮುಂದೆ, ಮಂಡಿ ಬಾಗಿಸಿ, ಎರಡು ಕೈ ಚಾಚಿ ನಿಲ್ಲುವ ಟೆಲಿಮಾರ್ಕ್ ಭಂಗಿ ಕೆಟ್ಟರೆ ಆ ಅಂಕಗಳೇ ಮೊದಲು ಕಳಚಿಕೊಳ್ಳುವುದು.

ನಮ್ಮ ಜಿಗಿತಗಾರ್ತಿ 1985ರಲ್ಲಿ ಉತ್ತರ ನಾರ್ವೆಯ ಒಂದು ಸಣ್ಣ ಪಟ್ಟಣದಲ್ಲಿ ಹುಟ್ಟಿದವರು. ಹರೆಯಕ್ಕೆ ಬರುವ ಹೊತ್ತಿಗೆ ಮಹಿಳೆಯರಿಗೆ ವಿಶ್ವಕಪ್ ಇರಲಿಲ್ಲ, ವಿಶ್ವ ಚಾಂಪಿಯನ್‌ಷಿಪ್ ಇರಲಿಲ್ಲ, ಒಲಿಂಪಿಕ್ಸ್ ಇರಲಿಲ್ಲ. ಆದರೆ ಬೆಟ್ಟಗಳಿದ್ದವು, ಅವು ಯಾರನ್ನೂ ಬೇಡ ಅನ್ನುತ್ತಿರಲಿಲ್ಲ.

ಮೊದಲ ತಿರುವು: ವಿಕರ್ಸುಂಡ್, 2004

ಸ್ಕೀ ಜಿಗಿತಕ್ಕೂ ಸ್ಕೀ ಫ್ಲೈಯಿಂಗ್‌ಗೂ ವ್ಯತ್ಯಾಸ ಬೆಟ್ಟದ ಗಾತ್ರದ್ದು. ಫ್ಲೈಯಿಂಗ್ ಬೆಟ್ಟಗಳಲ್ಲಿ ಅಂಚು ಬಿಡುವ ಹೊತ್ತಿಗೆ ವೇಗ ಗಂಟೆಗೆ 100 ಕಿಲೋಮೀಟರ್ ಸುಮಾರು ಇರುತ್ತದೆ. ನಾರ್ವೆಯ ವಿಕರ್ಸುಂಡ್ ಎಂಬ ಊರಿನ ಫ್ಲೈಯಿಂಗ್ ಬೆಟ್ಟದ ಕೆ-ಪಾಯಿಂಟ್ ಆಗ 185 ಮೀಟರ್. ಇಂಥ ಬೆಟ್ಟದಲ್ಲಿ ಸ್ಪರ್ಧೆಗೆ ಮುಂಚೆ ಪರೀಕ್ಷಾ ಜಿಗಿತಗಾರರನ್ನು ಬಿಡುವುದು ವಾಡಿಕೆ. ಅವರಿಗೆ ಅಂಕ ಇಲ್ಲ, ಬಹುಮಾನ ಇಲ್ಲ. ಇಳಿಜಾರಿನ ಹಳಿ ಎಷ್ಟು ವೇಗ ಕೊಡುತ್ತಿದೆ, ಗಾಳಿ ಎತ್ತ ಬೀಸುತ್ತಿದೆ, ಯಾವ ಗೇಟಿನಿಂದ (ಇಳಿಜಾರಿನಲ್ಲಿ ಮೇಲೆ ಕೆಳಗೆ ಸರಿಸಬಹುದಾದ, ಜಾರಲು ಶುರುಮಾಡುವ ಜಾಗ) ಬಿಟ್ಟರೆ ಅಪಾಯದ ಗೆರೆ ದಾಟದೆ ಇಳಿಯುತ್ತಾರೆ ಎಂದು ತೀರ್ಪುಗಾರರ ಮಂಡಳಿ ಅಂದಾಜು ಹಾಕುವುದು ಅವರ ಜಿಗಿತ ನೋಡಿಯೇ.

ಮಹಿಳೆಯರು ಫ್ಲೈಯಿಂಗ್ ಬೆಟ್ಟದಲ್ಲಿ ಹಾರಬೇಕೇ ಎಂಬುದು ಆ ಚಳಿಗಾಲ ನಾರ್ವೆಯಲ್ಲಿ ದೊಡ್ಡ ಜಗಳವಾಯಿತು. ಹತ್ತೊಂಬತ್ತರ ಈ ಹುಡುಗಿ ಒಂದು ಕಡೆ, ಅಂತರರಾಷ್ಟ್ರೀಯ ಒಕ್ಕೂಟದ ಜಿಗಿತ ಸಮಿತಿಯಲ್ಲಿ ಪ್ರಭಾವವಿದ್ದ ಹಿರಿಯರೊಬ್ಬರು ಇನ್ನೊಂದು ಕಡೆ. ಮಾತಿಗೆ ಮಾತು ಪತ್ರಿಕೆಗಳಲ್ಲೇ ನಡೆಯಿತು.

ಇಲ್ಲಿ ತಾಂತ್ರಿಕ ಪ್ರಶ್ನೆಯೇ ಇರಲಿಲ್ಲ ಅಂದರೆ ಅದು ಅರ್ಧಸತ್ಯ. ಇಳಿಜಾರಿನ ಕೋನ ಹಾರಾಟದ ದಾರಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿರುವವರೆಗೆ ನೆಲ ತಾಗುವ ಹೊಡೆತ ಕಡಿಮೆ. ಬೆಟ್ಟ ಚಪ್ಪಟೆಯಾಗುವ ಕಡೆ ಇಳಿದರೆ ಆ ಹೊಡೆತವೆಲ್ಲ ಮಂಡಿಗೆ. ಆಗಿನ ಮಹಿಳಾ ಜಿಗಿತಗಾರರನ್ನು ಗಂಡಸರಷ್ಟೇ ದೂರ ಹಾರಿಸಲು ಇನ್ನೂ ಮೇಲಿನ ಗೇಟಿನಿಂದ ಬಿಡಬೇಕಿತ್ತು. ಮೇಲಿನಿಂದ ಬಿಟ್ಟರೆ ವೇಗ ಹೆಚ್ಚು, ಬಿದ್ದರೆ ಪೆಟ್ಟೂ ಹೆಚ್ಚು. ಆದರೆ ಇದಕ್ಕೆ ಮದ್ದು ಬೆಟ್ಟದಲ್ಲೇ ಇದೆ: ಗೇಟು ಇಳಿಸುವುದು, ಗಾಳಿ ನೋಡಿ ಕಾಯುವುದು, ಅನುಭವಿಗಳನ್ನು ಮಾತ್ರ ಆರಿಸುವುದು. ಹೊಸ ಹುಡುಗರನ್ನು ಮೊದಲ ಸಲ ಫ್ಲೈಯಿಂಗ್‌ಗೆ ಬಿಡುವಾಗಲೂ ಮಾಡುವುದು ಇದನ್ನೇ. ಗೇಟಿನಲ್ಲಿ ಬಗೆಹರಿಯುವ ಪ್ರಶ್ನೆಯನ್ನು ಹೆಣ್ಣು–ಗಂಡಿನ ಪ್ರಶ್ನೆಯಾಗಿ ಹಿಗ್ಗಿಸಿದ್ದು ಈ ಪ್ರಕರಣದ ಮೊದಲ ಎಡವಟ್ಟು.

ಅದೇ ವರ್ಷ ವಿಕರ್ಸುಂಡ್‌ನಲ್ಲಿ ಅವರು 174.5 ಮೀಟರ್ ಹಾರಿದರು. ಫ್ಲೈಯಿಂಗ್‌ನಲ್ಲಿ ಕೆ-ಪಾಯಿಂಟ್‌ಗೆ 120 ಅಂಕ, ಮೀಟರಿಗೆ 1.2. ಗೆರೆಗೆ 10.5 ಮೀಟರ್ ಕಡಿಮೆ, ಅಂದರೆ 12.6 ಅಂಕ ಕಳೆದು ದೂರಕ್ಕೇ 107.4. ಸ್ಪರ್ಧೆ ಆಗಿದ್ದರೆ ಬರೆಯಬೇಕಾಗಿದ್ದ ಅಂಕ ಅದು. ಜನರ ನೆನಪಿನಲ್ಲಿ ಉಳಿದದ್ದು ಅದಲ್ಲ, ಜಗಳ. ಅವರ ಜನಪ್ರಿಯತೆ ಮೊಳೆತದ್ದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ. ಗೆಲ್ಲುವುದಕ್ಕೆ ಮೊದಲೇ ದೇಶಕ್ಕೆ ಅವರು ಗೊತ್ತಾಗಿದ್ದರು, ಅದೂ ಬೇಡ ಅನ್ನಿಸಿಕೊಂಡವಳಾಗಿ.

ಗೆದ್ದ ಸರಣಿಯ ಹೆಸರು

2004–05ರಲ್ಲಿ ಮಹಿಳೆಯರಿಗೆ ಕಾಂಟಿನೆಂಟಲ್ ಕಪ್ ಶುರುವಾಯಿತು. ಮೊದಲ ಐದು ಋತುಗಳ ಒಟ್ಟಾರೆ ಪ್ರಶಸ್ತಿ ಇವರದೇ, 2008–09ರವರೆಗೆ.

ಹೆಸರಿನಲ್ಲೇ ಒಂದು ತೊಡಕಿತ್ತು. ಪುರುಷರಲ್ಲಿ ಕಾಂಟಿನೆಂಟಲ್ ಕಪ್ ಎಂದರೆ ಎರಡನೆಯ ದರ್ಜೆ; ವಿಶ್ವಕಪ್ ತಂಡದಲ್ಲಿ ಜಾಗ ಸಿಗದವರು, ಮೇಲೇರಲು ಕಾಯುವವರು ಆಡುವ ಸರಣಿ. ಮಹಿಳೆಯರಿಗೆ ಅದೇ ಹೆಸರಿನ ಸರಣಿ ಅತ್ಯುನ್ನತವಾಗಿತ್ತು, ಅದರ ಮೇಲೆ ಏನೂ ಇರಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತ ಕ್ರೀಡಾಪುಟ ತಿರುವುವ ಓದುಗನಿಗೆ ಇದು ಹೇಗೆ ಗೊತ್ತಾಗಬೇಕು? ‘ಕಾಂಟಿನೆಂಟಲ್ ಕಪ್ ಗೆದ್ದಳು’ ಎಂದು ಓದಿದವರು, ‘ಓ, ಚೆನ್ನಾಗಿ ಆಡುತ್ತಾಳೆ, ಮುಂದೆ ವಿಶ್ವಕಪ್‌ಗೆ ಬರಬಹುದು’ ಅಂದುಕೊಂಡು ಪುಟ ತಿರುವಿರುತ್ತಾರೆ. ಬರಲು ವಿಶ್ವಕಪ್ ಅನ್ನುವುದೇ ಇರಲಿಲ್ಲ. ಜಗತ್ತಿನ ಅಗ್ರ ಆಟಗಾರ್ತಿಯ ಕೊರಳಿಗೆ ಎರಡನೆಯ ದರ್ಜೆಯ ಚೀಟಿ ಅಂಟಿತ್ತು.

ಹೊಸ ವಿಭಾಗ ಆರಂಭಿಸುವ ಕ್ರೀಡಾಸಂಸ್ಥೆಗಳು ಇದನ್ನು ಗಮನಿಸಬೇಕು. ಆಟಗಾರರು ಕಡಿಮೆ, ದೇಶಗಳು ಕಡಿಮೆ ಎಂದು ಸರಣಿಗೆ ಸಣ್ಣ ಹೆಸರಿಡುತ್ತಾರೆ. ಸಣ್ಣ ಹೆಸರಿಗೆ ಟಿವಿಯವರು ಬರುವುದಿಲ್ಲ, ಟಿವಿ ಇಲ್ಲದೆ ಪ್ರಾಯೋಜಕರು ಬರುವುದಿಲ್ಲ. ಆಮೇಲೆ ಅದೇ ಕೊರತೆಯನ್ನು ತೋರಿಸಿ, ‘ಇನ್ನೂ ಬೆಳೆದಿಲ್ಲ’ ಅನ್ನುತ್ತಾರೆ.

‘ಇನ್ನೂ ಬೆಳೆದಿಲ್ಲ’

2006ರಲ್ಲಿ ಆಗಿದ್ದು ಅಕ್ಷರಶಃ ಅದೇ. ಆ ವರ್ಷ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2009ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳಾ ಸ್ಪರ್ಧೆ ನಡೆಸಲು ಒಪ್ಪಿತು. ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2010ರ ವ್ಯಾಂಕೂವರ್ ಕ್ರೀಡಾಕೂಟಕ್ಕೆ ಅದನ್ನು ಸೇರಿಸಲು ನಿರಾಕರಿಸಿತು. ಆಟದ ವ್ಯಾಪ್ತಿ ಸಾಲದು, ವಿಶ್ವ ಚಾಂಪಿಯನ್‌ಷಿಪ್‌ಗಳು ಇನ್ನೂ ನಡೆದಿಲ್ಲ ಎಂಬುದು ಸಾರಾಂಶ. ಅದೇ ಸಭೆಯಲ್ಲಿ ಸ್ಕೀ ಕ್ರಾಸ್‌ಗೆ, ಅಂದರೆ ಹಲವರು ಒಟ್ಟಿಗೆ ಸ್ಕೀ ಮೇಲೆ ಧಾವಿಸುವ ಓಟಕ್ಕೆ, ಒಪ್ಪಿಗೆ ಸಿಕ್ಕಿತು. ಪುರುಷರ ಸ್ಕೀ ಜಿಗಿತ 1924ರ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಿಂದಲೇ ಇರುವುದರಿಂದ ಅದಕ್ಕೆ ಈ ಅಳತೆಗೋಲು ಯಾರೂ ಹಿಡಿಯಲಿಲ್ಲ.

2009ರ ಫೆಬ್ರುವರಿ 20ರಂದು ಚೆಕ್ ಗಣರಾಜ್ಯದ ಲಿಬೆರೆಟ್ಸ್‌ನಲ್ಲಿ ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಬೆಟ್ಟ ಸಾಮಾನ್ಯ ಗಾತ್ರದ್ದು. ಚಿನ್ನ ಅಮೆರಿಕದವರಿಗೆ, ಬೆಳ್ಳಿ ಜರ್ಮನಿಯವರಿಗೆ, ಕಂಚು ಇವರಿಗೆ. ಒಂದು ಋತುವಿನ ಹತ್ತಾರು ಸ್ಪರ್ಧೆಗಳಲ್ಲಿ ಸ್ಥಿರವಾಗಿ ಗೆಲ್ಲುವುದು ಒಂದು ಬಗೆಯ ಸಾಮರ್ಥ್ಯ, ಎರಡೇ ಜಿಗಿತಗಳಲ್ಲಿ ಎಲ್ಲವೂ ಕೂಡಿಬರುವುದು ಇನ್ನೊಂದು. ಆ ಕಾಲದಲ್ಲಿ ಇನ್ನೂ ಒಂದು ಮಾತಿತ್ತು: ಗಾಳಿ ಅನುಕೂಲವಾದರೆ ಅಂಕ ಕಳೆದು ಪ್ರತಿಕೂಲವಾದರೆ ಕೂಡುವ ನಿಯಮ ಬಂದದ್ದು ಅದರ ಮುಂದಿನ ಋತುವಿನಲ್ಲಿ. ಲಿಬೆರೆಟ್ಸ್‌ನಲ್ಲಿ ಗಾಳಿ ಕೊಟ್ಟದ್ದೇ ಭಾಗ್ಯ.

ಅಷ್ಟರಲ್ಲಿ ಇನ್ನೊಂದು ಪ್ರಯತ್ನ ನಡೆದಿತ್ತು. ಬೇರೆ ಬೇರೆ ದೇಶಗಳ ಹದಿನೈದು ಮಹಿಳಾ ಜಿಗಿತಗಾರರು ವ್ಯಾಂಕೂವರ್ ಸಂಘಟನಾ ಸಮಿತಿಯ ವಿರುದ್ಧ ಕೆನಡಾದಲ್ಲಿ ದಾವೆ ಹೂಡಿದರು. ಪುರುಷರಿಗೆ ಸ್ಪರ್ಧೆ ನಡೆಸಿ ಮಹಿಳೆಯರಿಗೆ ನಡೆಸದಿರುವುದು ಕೆನಡಾದ ಹಕ್ಕುಗಳ ಸನ್ನದಿನ ಉಲ್ಲಂಘನೆ ಎಂಬುದು ಅವರ ವಾದ. ಇವರೂ ಅರ್ಜಿದಾರರಲ್ಲಿ ಒಬ್ಬರು. ತೀರ್ಪಿನ ಶೀರ್ಷಿಕೆ ಶುರುವಾಗುವುದೇ ಇವರ ಮನೆತನದ ಹೆಸರಿನಿಂದ.

2009ರ ಜುಲೈ 10ರಂದು ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ತಾರತಮ್ಯ ಆಗಿದೆ, ಅದರಲ್ಲಿ ಅನುಮಾನವಿಲ್ಲ. ಕೂಟವನ್ನು ನಡೆಸಿಕೊಡುವ ಸಮಿತಿ ಮಾಡುತ್ತಿರುವುದು ಸರ್ಕಾರದ ಕೆಲಸವೇ, ಆದ್ದರಿಂದ ಸನ್ನದು ಅದಕ್ಕೆ ಅನ್ವಯಿಸುತ್ತದೆ. ಆದರೆ ಯಾವ ಸ್ಪರ್ಧೆ ಇರಬೇಕು ಎಂದು ತೀರ್ಮಾನಿಸುವ ಅಧಿಕಾರ ಆ ಸಮಿತಿಗಿಲ್ಲ, ಅದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯದು, ಅದರ ಮೇಲೆ ಸನ್ನದಿನ ಕೈ ಹೋಗುವುದಿಲ್ಲ. ಹಾಗಾಗಿ ಪರಿಹಾರ ಇಲ್ಲ. ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದು, ಸನ್ನದು ಸಂಘಟನಾ ಸಮಿತಿಗೇ ಅನ್ವಯಿಸುವುದಿಲ್ಲ ಅಂದಿತು. ಡಿಸೆಂಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಮೇಲ್ಮನವಿಗೆ ಅನುಮತಿ ಕೊಡಲಿಲ್ಲ. ಕ್ರೀಡಾಕೂಟಕ್ಕೆ ಎರಡು ತಿಂಗಳೂ ಉಳಿದಿರಲಿಲ್ಲ.

ಮೊಕದ್ದಮೆ ಸೋತಿತು ಅಂದರೆ ಸುಳ್ಳಲ್ಲ. ಆದರೆ ಮೊದಲ ತೀರ್ಪಿನ ಆ ಒಂದು ಮಾತು, ತಾರತಮ್ಯ ಆಗಿದೆ ಅನ್ನುವುದು, ಎಲ್ಲ ಪತ್ರಿಕೆಗಳಲ್ಲೂ ಬಂತು. ಅದಕ್ಕೂ ಮುಂಚೆ ಇದು ಆಟಗಾರ್ತಿಯರ ಅಳಲಾಗಿತ್ತು. ಆಮೇಲೆ ನ್ಯಾಯಾಧೀಶರೊಬ್ಬರು ದಾಖಲಿಸಿದ ಸಂಗತಿಯಾಯಿತು.

ಹೋಲ್ಮೆನ್‌ಕೋಲೆನ್: ಮಾರ್ಚ್ 3, 2010

2011ರ ವಿಶ್ವ ಚಾಂಪಿಯನ್‌ಷಿಪ್‌ಗಾಗಿ ಓಸ್ಲೋ ಹಳೆಯ ಹೋಲ್ಮೆನ್‌ಕೋಲೆನ್ ಬೆಟ್ಟವನ್ನು 2008ರಲ್ಲಿ ಕೆಡವಿ, ಅದೇ ಜಾಗದಲ್ಲಿ ಉಕ್ಕಿನ ಹೊಸ ಗೋಪುರ ಎಬ್ಬಿಸಿತು. ಕೆ-ಪಾಯಿಂಟ್ 120 ಮೀಟರ್, ಹಿಲ್ ಸೈಜ್ (ಬೆಟ್ಟದ ಗಾತ್ರ ಹೇಳುವ ಅಳತೆ) 134 ಮೀಟರ್. ಗಾಳಿ ತಡೆಯುವ ಗೋಡೆಗಳು ಗೋಪುರದ ಅಂಗವಾಗಿಯೇ ಮೇಲಕ್ಕೆ ಏರುತ್ತವೆ. ನಗರದಿಂದ ನೋಡಿದರೆ ಬೆಟ್ಟದ ನೆತ್ತಿಯಲ್ಲಿ ಸೌಟು ನಿಲ್ಲಿಸಿದಂತೆ ಕಾಣುತ್ತದೆ. ಕಟ್ಟುವ ಖರ್ಚು ಅಂದಾಜನ್ನು ಎಷ್ಟೋ ಮೀರಿ ಜನರ ಗೊಣಗಾಟಕ್ಕೆ ಕಾರಣವಾಗಿತ್ತು. ಜನರನ್ನು ಒಳಗೆ ಸೇರಿಸಿಕೊಳ್ಳಲು ಒಂದು ಒಳ್ಳೆಯ ದಾರಿ ಕಂಡಿತು: ಮೊದಲ ಜಿಗಿತ ಯಾರದಾಗಬೇಕು ಎಂದು ಮತದಾನ.

ಜನ ಆರಿಸಿದ್ದು ಇವರನ್ನು. ದಿನಾಂಕವನ್ನು ಗಮನಿಸಿ. ವ್ಯಾಂಕೂವರ್ ಒಲಿಂಪಿಕ್ಸ್ ಮುಗಿದದ್ದು ಫೆಬ್ರುವರಿ 28ಕ್ಕೆ. ಅಲ್ಲಿ ಜಿಗಿಯಲು ಬಿಡದವರು ಮೂರನೆಯ ದಿನ ಇಲ್ಲಿ ಮೊದಲಿಗರಾಗಿ ಜಿಗಿಯಬೇಕಿತ್ತು. ಮತ ಹಾಕಿದವರಲ್ಲಿ ಬಹಳ ಜನ ಇವರ ಒಂದು ಪೂರ್ಣ ಸ್ಪರ್ಧೆಯನ್ನೂ ನೋಡಿರಲಾರರು. ಅವರು ಮತ ಹಾಕಿದ್ದು ಒಂದು ಬಾಕಿ ತೀರಿಸಲು.

ಆಮೇಲೆ ಆದದ್ದು ಎಲ್ಲರಿಗೂ ಗೊತ್ತಿದೆ. ಅಧಿಕೃತ ಜಿಗಿತಕ್ಕೆ ಮುಂಚೆಯೇ, ಪ್ರೇಕ್ಷಕರಿಲ್ಲದ ಹೊತ್ತಿನಲ್ಲಿ, ರಾಷ್ಟ್ರೀಯ ತಂಡದ ಪ್ರಸಿದ್ಧ ಪುರುಷ ಜಿಗಿತಗಾರರೊಬ್ಬರನ್ನು ಪರೀಕ್ಷೆಯ ಹೆಸರಿನಲ್ಲಿ ಬೆಟ್ಟದಿಂದ ಬಿಟ್ಟಿದ್ದರು. ಹೊರಗೆ ಗೊತ್ತಾಗಲು ತಡವಾಗಲಿಲ್ಲ. ಮೊದಲ ಪಂಕ್ತಿಗೆ ಕರೆದು ಎಲೆಯ ಮುಂದೆ ಕೂರಿಸುವಷ್ಟರಲ್ಲಿ, ಒಳಗೆ ಒಬ್ಬರು ಆಗಲೇ ಉಂಡು ಕೈತೊಳೆದಿದ್ದರು.

ಪರೀಕ್ಷೆ ಬೇಕಿರಲಿಲ್ಲವೇ? ಬೇಕಿತ್ತು. ಯಾರೂ ಇಳಿಯದ ಬೆಟ್ಟದಲ್ಲಿ ಗೊತ್ತಿರದ ಸಂಗತಿಗಳು ಬಹಳ. ಹಿಮಗಟ್ಟಿಸಿದ ಹಳಿಯ ಮೇಲೆ ಸ್ಕೀ ಎಷ್ಟು ವೇಗ ಹಿಡಿಯುತ್ತದೆ ಎಂಬುದು ಲೆಕ್ಕದ ಹಾಳೆಯಲ್ಲಿ ಒಂದಿರುತ್ತದೆ, ಬೆಟ್ಟದಲ್ಲಿ ಇನ್ನೊಂದು. ಇಳಿಜಾರು ತಿರುಗಿ ಅಂಚಿನ ಕಡೆಗೆ ನೇರವಾಗುವ ಬಾಗಿನಲ್ಲಿ ಕಾಲಿನ ಮೇಲೆ ಭಾರ ಒಮ್ಮೆಗೇ ಏರುತ್ತದೆ, ಅಲ್ಲಿ ಹಳಿ ಒಂಚೂರು ಒರಟಿದ್ದರೂ ಜಿಗಿತದ ಸಮಯ ತಪ್ಪುತ್ತದೆ. ಹೊಸ ಗೋಡೆಗಳ ನಡುವೆ ಗಾಳಿ ಹೇಗೆ ಸುಳಿಯುತ್ತದೆ ಎಂದು ಅಂಚು ಬಿಟ್ಟವರಿಗೇ ತಿಳಿಯಬೇಕು. ಆ ಕಾರಣಕ್ಕೆ ಅನುಭವಿಯೊಬ್ಬರನ್ನು ಕೆಳಗಿನ ಗೇಟಿನಿಂದ ಬಿಟ್ಟು ನೋಡುವುದು ಸರಿಯಾದ ಪದ್ಧತಿಯೇ.

ಎಡವಿದ್ದು ಪರೀಕ್ಷೆಯಲ್ಲಿ ಅಲ್ಲ, ಅದರ ಮುಂಚಿನ ಮೂರು ತೀರ್ಮಾನಗಳಲ್ಲಿ. ‘ಮೊದಲ ಜಿಗಿತ’ ಎಂದು ಜನರಿಗೆ ಮಾತು ಕೊಡುವಾಗಲೇ ಪರೀಕ್ಷೆ ಅದಕ್ಕೂ ಮೊದಲು ನಡೆಯಬೇಕಾಗುತ್ತದೆ ಎಂದು ತಾಂತ್ರಿಕ ತಂಡಕ್ಕೆ ಗೊತ್ತಿರಬೇಕಿತ್ತು. ಗೊತ್ತಿದ್ದರೆ ‘ಮೊದಲ ಅಧಿಕೃತ ಜಿಗಿತ’ ಎಂದು ಮತಪತ್ರದಲ್ಲೇ ಬರೆಯಬಹುದಿತ್ತು. ಇನ್ನು ಪರೀಕ್ಷೆಗೆ ಯಾರು ಎಂಬುದು. ಮತದಾನದಲ್ಲಿ ಗೆದ್ದವರೇ ಅನುಭವಿ, ಐದು ಸರಣಿ ಗೆದ್ದವರು, 174.5 ಮೀಟರ್ ಹಾರಿದವರು. ಅವರನ್ನೇ ಕೆಳಗಿನ ಗೇಟಿನಿಂದ ಬಿಟ್ಟಿದ್ದರೆ ಪರೀಕ್ಷೆಯೂ ಆಗುತ್ತಿತ್ತು, ಮಾತೂ ಉಳಿಯುತ್ತಿತ್ತು. ಬೇರೆಯವರೇ ಬೇಕಿದ್ದರೆ ಹೆಸರಿಲ್ಲದ ಜೂನಿಯರ್ ಒಬ್ಬ ಸಾಕಿದ್ದ. ಪ್ರಸಿದ್ಧನನ್ನು ಆರಿಸಿದ ಕ್ಷಣದಲ್ಲೇ ಅದು ಪರೀಕ್ಷೆಯಾಗಿ ಉಳಿಯಲಿಲ್ಲ, ಪಟ್ಟ ಕಸಿದಂತೆ ಕಾಣಿಸಿತು. ಎಲ್ಲಕ್ಕಿಂತ ಕೆಟ್ಟದ್ದು ಮುಚ್ಚಿಟ್ಟದ್ದು. ‘ಸುರಕ್ಷತೆಗಾಗಿ ಇಂತಿಷ್ಟು ಪರೀಕ್ಷಾ ಜಿಗಿತಗಳು ನಡೆಯುತ್ತವೆ’ ಎಂದು ಎರಡು ದಿನ ಮುಂಚೆ ಗೆದ್ದವರಿಗೂ ಪತ್ರಿಕೆಗಳಿಗೂ ಒಂದು ಸಾಲು ತಿಳಿಸಿದ್ದರೆ ಸುದ್ದಿಯೇ ಆಗುತ್ತಿರಲಿಲ್ಲ.

ಮಾರ್ಚ್ 3ರಂದು ಅವರು ಜಿಗಿದರು. ಅಧಿಕೃತ ದಾಖಲೆಯಲ್ಲಿ ಹೊಸ ಹೋಲ್ಮೆನ್‌ಕೋಲೆನ್‌ನ ಮೊದಲ ಜಿಗಿತ ಅವರದೇ. ಅದಕ್ಕೂ ಮುಂಚಿನದು ಯಾರದು ಎಂಬುದು ಮಾತ್ರ ಪ್ರತಿ ಬಾರಿ ಆ ಸಾಲಿನ ಬೆನ್ನಿಗೇ ಬರುತ್ತದೆ. ವಿಚಿತ್ರವೆಂದರೆ ಈ ಎಡವಟ್ಟಿನಿಂದ ಅವರ ಜನಪ್ರಿಯತೆ ಕುಗ್ಗಲಿಲ್ಲ. 2004ರ ಜಗಳ ಕೇಳಿ ಮರೆತಿದ್ದವರಿಗೂ ಅದು ಮತ್ತೆ ನೆನಪಾಯಿತು.

ನಂತರ

2011ರ ವಿಶ್ವ ಚಾಂಪಿಯನ್‌ಷಿಪ್ ಓಸ್ಲೋದಲ್ಲೇ ನಡೆದರೂ ಮಹಿಳೆಯರ ಸ್ಪರ್ಧೆ ನಡೆದದ್ದು ಪಕ್ಕದ ಮಿಡ್ಟ್‌ಸ್ಟುವೆನ್‌ನ ಸಾಮಾನ್ಯ ಬೆಟ್ಟದಲ್ಲಿ. ಹೊಸ ದೊಡ್ಡ ಬೆಟ್ಟವನ್ನು ಉದ್ಘಾಟಿಸಿದ್ದು ಮಹಿಳೆ, ಅಲ್ಲಿ ಪದಕ ಪುರುಷರಿಗೆ ಮಾತ್ರ. ಅದೇ ವರ್ಷ ಏಪ್ರಿಲ್‌ನಲ್ಲಿ 2014ರ ಸೋಚಿ ಒಲಿಂಪಿಕ್ಸ್‌ಗೆ ಮಹಿಳಾ ಜಿಗಿತ ಸೇರಿತು. ಡಿಸೆಂಬರ್ 3ರಂದು ನಾರ್ವೆಯ ಲಿಲ್ಲೆಹಾಮರ್‌ನಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ಸ್ಪರ್ಧೆ ನಡೆಯಿತು. ಗೆದ್ದವರು ಅಮೆರಿಕದ ಹದಿಹರೆಯದ ಸಾರಾ ಹೆಂಡ್ರಿಕ್ಸನ್.

ಸೋಚಿಯಲ್ಲಿ ಚಿನ್ನ ಗೆದ್ದವರು ಜರ್ಮನಿಯ ಕಾರಿನಾ ಫೋಗ್ಟ್. ಆ ಹೊತ್ತಿಗೆ ನಮ್ಮ ಜಿಗಿತಗಾರ್ತಿಗೆ 29. ಸರಣಿಗಳನ್ನು ಸಾಲಾಗಿ ಗೆದ್ದಾಗ 20ರಿಂದ 24. ಈ ಆಟದಲ್ಲಿ ಐದು ವರ್ಷ ಎಂದರೆ ಬಹಳ. ಸ್ಕೀಯ ಉದ್ದವನ್ನು ಆಟಗಾರರ ತೂಕಕ್ಕೆ ಕಟ್ಟಿಹಾಕುವ ನಿಯಮ, ಸೂಟಿನ ಅಳತೆ, ಸ್ಕೀಗೆ ಬೂಟನ್ನು ಬಿಗಿಯುವ ಬೈಂಡಿಂಗ್ ಎಲ್ಲವೂ ಬದಲಾಗುತ್ತ ಹೋಗುತ್ತವೆ. ಹದಿನಾರರ ಹುಡುಗಿಯರು ಹೊಸ ಸಲಕರಣೆಯಲ್ಲೇ ಕಲಿತು ಬಂದರೆ, ಹಳಬರು ಒಗ್ಗಿಹೋದ ಚಲನೆಯನ್ನು ಬಿಚ್ಚಿ ಮತ್ತೆ ಹೆಣೆಯಬೇಕು.

ಆಟಗಾರರ ವೃತ್ತಿಯನ್ನು ಪದಕದ ಎಣಿಕೆಯಲ್ಲಿ ಅಳೆಯುವವರು ಈ ಪ್ರಕರಣದಲ್ಲಿ ಒಂದು ಕಂಚನ್ನು ಕಾಣುತ್ತಾರೆ. ನಾವು ಅಳೆಯುವುದಾದರೆ ಸ್ಪರ್ಧೆ ಇದ್ದ ವರ್ಷಗಳನ್ನು ಮೊದಲು ಎಣಿಸುತ್ತೇವೆ, ಆಮೇಲೆ ಪದಕ. ನಾರ್ವೆಯಲ್ಲೇ ಮುಂದಿನ ಪೀಳಿಗೆಯ ಮಾರೆನ್ ಲುಂಡ್‌ಬಿ 2018ರಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. 2021ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ದೊಡ್ಡ ಬೆಟ್ಟದಲ್ಲಿ ಮೊದಲ ಬಾರಿಗೆ ಮಹಿಳಾ ಸ್ಪರ್ಧೆ ನಡೆದಾಗ ಗೆದ್ದವರೂ ಅವರೇ.

ಫ್ಲೈಯಿಂಗ್ ಬೆಟ್ಟ ಎಲ್ಲಕ್ಕಿಂತ ತಡವಾಗಿ ತೆರೆಯಿತು. 2023ರ ಮಾರ್ಚ್ 19ರಂದು ಮಹಿಳೆಯರ ಮೊದಲ ಸ್ಕೀ ಫ್ಲೈಯಿಂಗ್ ಸ್ಪರ್ಧೆ ನಡೆದದ್ದು ವಿಕರ್ಸುಂಡ್‌ನಲ್ಲಿ, 2004ರಲ್ಲಿ ಜಗಳವಾದ ಅದೇ ಊರಿನಲ್ಲಿ. ಅನುಭವಿಗಳಾದ ಹದಿನೈದು ಜನರಿಗೆ ಮಾತ್ರ ಅವಕಾಶ ಕೊಟ್ಟರು. ಸ್ಲೊವೇನಿಯಾದ ಎಮಾ ಕ್ಲಿನೆಟ್ಸ್ 226 ಮೀಟರ್ ಹಾರಿ ಆಗಿನ ವಿಶ್ವದಾಖಲೆ ಮಾಡಿ ಗೆದ್ದರು. 2004ರಲ್ಲಿ ಅಸಾಧ್ಯ ಅನ್ನಿಸಿದ್ದ ವ್ಯವಸ್ಥೆ ಇಷ್ಟೇ: ಆಯ್ದ ಕೆಲವರು, ಗಾಳಿ ನೋಡಿ ಕಾಯುವ ತಾಳ್ಮೆ, ಸರಿಯಾದ ಗೇಟು.